ಐದು ಕೆಟ್ಟರೆ

ಮಾರ್ಚ್ ತಿಂಗಳ ನ್ಯಾಶುವಾ. ಹೋಟೆಲಿನ ಕಾರು ನಿಲ್ಲಿಸುವ ಅಂಗಳದಂಚಿಗೆ
ಗೋರಿ ಗುಡ್ಡೆ ಹಾಕಿದ ಹಿಮ ಮಸಿ ಹಿಡಿದು ಕೂತಿದೆ
ಯಾರಿಗೂ ಬೇಡವಾದ ಸರಕಿನ ಹಾಗೆ.
ಒಳಗೆ ನೂರಿಪ್ಪತ್ತು ಕುರ್ಚಿ. ಹಾಕಿದವಳು ನಾನೇ.
ಮೈಕು ಕೈಯಿಂದ ಕೈಗೆ ದಾಟಿಸುವುದೂ ನನ್ನ ಪಾಲಿಗೇ.

ಉಳಿದ ದಿನ ನಾನು ಲಕೋಟೆ ಒಡೆಯುವವಳು.
ಅಪ್‌ಗ್ರೇಡ್ ಕೂಪನ್ನು, ಜೊತೆಗೊಂದು ಚೆಕ್ಕು,
ಹಳೆಯದನ್ನು ಕೊಂಡಿದ್ದು ನಿಜವೆನ್ನಲು
ಕೈಪಿಡಿಯಿಂದ ಹರಿದ ಮೊದಲ ಪುಟ.
ಆರನೆಯ ಆವೃತ್ತಿ ಬಂದಾಗ ದಿನಕ್ಕೆ ಒಂಬತ್ತು ಚೀಲ.
ಏಳಕ್ಕೆ ನಾಲ್ಕು.
ಎಂಟು ಬಂದು ಆರು ವಾರ: ಒಂದೇ ಚೀಲ,
ಅದೂ ಗೋಡೆಗೆ ಒರಗಿಸದಿದ್ದರೆ ಕುಸಿಯುತ್ತದೆ.
ಯಾರೂ ನನ್ನನ್ನು ಕೇಳಲಿಲ್ಲ.

ಪರದೆಯ ಮೇಲೆ ಗೆರೆ. ಅದು ಇಳಿಜಾರಲ್ಲವಂತೆ,
ಲೇಥ್‌ವರ್ಕ್ಸ್ ಉಸಿರು ತೆಗೆದುಕೊಳ್ಳುತ್ತಿದೆಯಂತೆ,
ಅಧ್ಯಕ್ಷ ವೆಂಡೆಲ್ ಕ್ರೂಗರ್ ಅನ್ನುತ್ತಾನೆ.
ಬಾಸ್ಟನ್ನಿನ ನಿಧಿಯವನು ಟೈ ಸಡಿಲಿಸಿ ಎದ್ದ: ಬೆಲೆ ಇಳಿಸಿ.
ಹಿಂದಿನ ಸಾಲಿನವಳು: ಏರಿಸಿ, ಅಗ್ಗದ್ದಕ್ಕೆ ಮರ್ಯಾದೆಯಿಲ್ಲ.
ಮಾರಿಬಿಡಿ ಕಂಪನಿಯನ್ನೇ, ಅಂದ ಇನ್ನೊಬ್ಬ, ಕೋಟು ಕೂಡ ಬಿಚ್ಚದೆ.
ಮತ್ತೊಬ್ಬನಿಗೆ ಹೊಳೆಯಿತು: ಮಾರುವುದೇಕೆ, ಬಾಡಿಗೆಗೆ ಕೊಡಿ,
ವರ್ಷ ವರ್ಷ. ಕೈಯಲ್ಲಿ ಉಳಿದರೆ ತಾನೆ
ಹಳೆಯದೇ ಸಾಕು ಅನ್ನುವುದು?
ಎತ್ತು ಏರಿಗೆ, ಕೋಣ ನೀರಿಗೆ.
ನೊಗವೊಂದು ಮಾತ್ರ ಅಲುಗಲಿಲ್ಲ, ಮೂರು ತಿಂಗಳಿಗೊಮ್ಮೆ
ಕತ್ತಿಗೆ ಬೀಳುವ ಲೆಕ್ಕದ ನೊಗ.

ಕಟ್ಟಕಡೆಗೆ ಮೈಕು ಕೇಳಿದವನ ಅಂಗಿಗೆ ಗ್ರೀಸಿನ ಕಲೆ.

"ಲೂಸಿಯೆನ್ ಪೆಲ್ಕಿ. ಷೇರು ಇನ್ನೂರು.
ಊರಿಗೆ ನೀರೆತ್ತುವ ಪಂಪುಗಳಿಗೆ ಪ್ರೋಗ್ರಾಂ ಬರೆಯುತ್ತೇನೆ,
ನಿಮ್ಮ ಐದನೆಯ ಆವೃತ್ತಿಯಲ್ಲಿ.
ತಪ್ಪೆಲ್ಲಿದೆಯೋ ಅಲ್ಲಿಗೇ ಬೆರಳಿಡುತ್ತದೆ.
ಆರು, ಏಳು, ಎಂಟು, ಎಲ್ಲದರ ಕೂಪನ್ನೂ ಬಂದಿವೆ.
ಐದು ಕೆಟ್ಟರೆ ಕೊಳ್ಳುತ್ತೇನೆ.
ಕೆಡುವುದಿಲ್ಲವಲ್ಲ, ಏನು ಮಾಡಲಿ?"

ನಗು. ಕ್ರೂಗರ್ ಕೂಡ ನಕ್ಕು,
ಇಂಥ ನಿಷ್ಠೆಯೇ ನಮ್ಮ ಬಂಡವಾಳ ಅಂದ.
"ನಿಷ್ಠೆ ಅಲ್ಲ ಸ್ವಾಮಿ, ಹಿಡಿ ಕೈಗೆ ಒಗ್ಗಿದೆ, ಅಷ್ಟೆ.
ಅದಿರಲಿ. ನಾನು ಮೂವತ್ತೊಂದು ಡಾಲರಿಗೆ ಕೊಂಡ ಷೇರು
ಇವತ್ತು ಹನ್ನೆರಡು. ಅದಕ್ಕೇನಾದರೂ ಮಾಡಿ."

ಈಗ ಯಾರೂ ನಗಲಿಲ್ಲ. ಮೈಕು ಇಸಿದುಕೊಂಡೆ, ಬಿಸಿಯಾಗಿತ್ತು.

ನಮ್ಮ ಆಫೀಸು ಹಳೆಯ ಬಟ್ಟೆ ಗಿರಣಿ.
ಮಗ್ಗದ ಕಾಲು ಊರಿದ್ದ ಗುಳಿಗಳಲ್ಲಿ
ನನ್ನ ಟ್ರಾಲಿಯ ಚಕ್ರ ದಿನವೂ ಸಿಕ್ಕಿಕೊಳ್ಳುತ್ತದೆ.
ಬಟ್ಟೆಯಾದರೆ ಹರಿಯುತ್ತಿತ್ತು, ಮೊಣಕೈಯಲ್ಲಿ, ಮಂಡಿಯಲ್ಲಿ,
ಜನ ಮತ್ತೆ ಬರುತ್ತಿದ್ದರು. ಆದರೂ ಗಿರಣಿ ಉಳಿಯಲಿಲ್ಲ.
ಇದನ್ನು ಹೇಳಬೇಕೆನಿಸಿತ್ತು. ಯಾರ ಪರ ವಾದವಾಗುತ್ತದೋ
ತಿಳಿಯದೆ ಕುರ್ಚಿ ಮಡಚಿದೆ.

ಮುಂದಿನ ಮಂಗಳವಾರದ ಚೀಲದಲ್ಲಿ ಪೆಲ್ಕಿಯ ಲಕೋಟೆ.
ಚೆಕ್ಕಿಲ್ಲ. ಕೂಪನ್ನಿಲ್ಲ.
ಐದರ ಕೈಪಿಡಿಯ ಇನ್ನೂರ ಹನ್ನೆರಡನೆಯ ಪುಟಕ್ಕೆ
ಕಾಫಿ ಚೆಲ್ಲಿದೆ, ಒಂದು ಪ್ರತಿ ಸಿಕ್ಕೀತೇ?

ಉಗ್ರಾಣದ ಮೇಲಟ್ಟಕ್ಕೆ ಏಣಿ ಹಾಕಿ ಹತ್ತಿದೆ.
ಧೂಳು ಕೊಡವಿದರೆ ಒಂದೇ ಒಂದು ಐದು,
ಮೊದಲ ಪುಟ ಹರಿಯದ್ದು.
ಜೆರಾಕ್ಸ್ ಯಂತ್ರದ ಬೆಳಕು ಪುಟದಡಿ ಒಮ್ಮೆ ಹರಿದು ಹೋಯಿತು.
ಮೂವತ್ತೆರಡು ಸೆಂಟಿನ ಅಂಚೆಚೀಟಿ ನಾಲಿಗೆಗೆ ತಾಗಿಸಿ ಅಂಟಿಸಿದೆ.
ಯಾವ ಖಾತೆಗೆ ಬರೆಯಲಿ ಇದನ್ನು ಎಂದು
ಪುಸ್ತಕ ತೆರೆದವಳು ಇನ್ನೂ ಪೆನ್ನು ಹಿಡಿದೇ ಕೂತಿದ್ದೇನೆ.