ಕೂಡಿಸದೆ, ಕಳೆಯದೆ

ಟೂಸಾನ್ ಪಟ್ಟಣದ ಫೆಡರಲ್ ಕೋರ್ಟು, ಎರಡನೆಯ ಮಹಡಿ,
ಮಧ್ಯಾಹ್ನ ಒಂದೂವರೆ. ವಕೀಲರ ಬೆರಳಲ್ಲಿನ್ನೂ ಊಟದ ವಾಸನೆ.
ಬಲಗೈ ಎತ್ತಿ, ಪ್ರತಿ ಮಂಗಳವಾರದ ಹಾಗೆ, ಹೇಳುತ್ತೇನೆ:
ಕೇಳಿದ್ದನ್ನು ಕೇಳಿದ ಹಾಗೇ ದಾಟಿಸುತ್ತೇನೆ,
ಕೂಡಿಸುವುದಿಲ್ಲ, ಕಳೆಯುವುದಿಲ್ಲ.
ದಾಟಿಸುವುದು ಇಲ್ಲಿ ಅಪರಾಧವಲ್ಲದ್ದು ನನಗೊಬ್ಬಳಿಗೆ.
ಗಂಟೆಗಿಷ್ಟು ಅಂತ ಸಂಬಳವೂ ಉಂಟು.

ಐದೈದು ಜನರನ್ನು ತರುತ್ತಾರೆ.
ಸೊಂಟಕ್ಕೆ ಸರಪಳಿ, ಸರಪಳಿಗೆ ಕೈ.
ಕೈ ಮೇಲೇಳದು; ಇಯರ್‌ಫೋನಿಗೆ
ಕೊರಳನ್ನೇ ಬಗ್ಗಿಸಿ ಕಿವಿ ಕೊಡುತ್ತಾರೆ,
ಕೊಡದಲ್ಲಿ ನೀರೆಷ್ಟಿದೆ ಎಂದು ಇಣುಕುವವರ ಹಾಗೆ.
ಬೂಟಿನ ದಾರ ಕಿತ್ತುಕೊಂಡಿದ್ದಾರೆ.
ನಾಲಿಗೆ ಹೊರಚಾಚಿದ ಹತ್ತು ಬೂಟುಗಳು, ಸಾಲಾಗಿ.
ಅರ್ಥವಾಯಿತೇ? ಸೀ. ಅರ್ಥವಾಯಿತೇ? ಸೀ. ಸೀ.

ನಾಲ್ಕನೆಯವನು ಫ್ಲೋರೆನ್ಸಿಯೊ ಕಾಲ್ಮೊ. ಸ್ಪ್ಯಾನಿಷ್ ಬಾರದು.
ಗ್ವಾಟೆಮಾಲಾದ ಗುಡ್ಡದವನು, ಮಾಮ್ ಮಾತಿನವನು,
ನನ್ನಜ್ಜಿ ಕುರಿಗಳನ್ನು ಬೈಯುತ್ತಿದ್ದ ಮಾತು.
ಅವನು ಆಡಿದ್ದು ನನ್ನಿಂದ ಸ್ಪ್ಯಾನಿಷ್‌ಗೆ,
ಪಕ್ಕದ ರೆಬೆಕ್ಕಾಳಿಂದ ಇಂಗ್ಲಿಷ್‌ಗೆ,
ಆಮೇಲೆ ಜಡ್ಜಿನ ಕಿವಿಗೆ.
ಜಡ್ಜು ಒಳ್ಳೆಯವರೇ. ಹೆಸರು ತಪ್ಪಾಗಿ ಅಂದರೆ ಕ್ಷಮೆ ಕೇಳುತ್ತಾರೆ.

"ಗೊತ್ತು ಮಾಡಿದ ಬಾಗಿಲು ಬಿಟ್ಟು
ಬೇರೆಡೆಯಿಂದ ಒಳಬಂದ ತಪ್ಪು. ಒಪ್ಪುತ್ತೀರಾ?"

ತಪ್ಪಿಗೆ ನನಗೆ ಅಜ್ಜಿಯಿಂದ ಬಂದ ಮಾತು ಒಂದೇ:
ಒಬ್ಬರ ಕುರಿ ಇನ್ನೊಬ್ಬರ ಜೋಳಕ್ಕೆ ನುಗ್ಗಿದಾಗ ಆಡುವುದು.
ಅದನ್ನೇ ಕೊಟ್ಟೆ.

"ಹೊಲ ಎಲ್ಲಿತ್ತು?" ಅಂದ. "ಬರೀ ಬೇಲಿ.
ಹೊಲವೇ ಇಲ್ಲದ ಕಡೆ ಯಾರೋ ಬೇಲಿ ಹಾಕಿದ್ದಾರೆ.
ನಾವೇನೂ ಮೇಯಲಿಲ್ಲ. ಮುಳ್ಳಿತ್ತು, ಕಲ್ಲಿತ್ತು.
ನಾವು ಅಂದೆನಲ್ಲ, ತಂಗಿಯ ಮಗ ಎಲೀಸೆಯೊ, ಹದಿನೇಳು ವರ್ಷ.
ಕಾಲಲ್ಲಿ ಬೊಕ್ಕೆ ಎದ್ದು ಮೊನ್ನೆ ಕೂತುಬಿಟ್ಟ.
ನೀರು ತರ್ತೀನಿ ಅಂತ ನಾನು ಹೊರಟೆ. ಸಿಕ್ಕಿದ್ದು ಜೀಪು.
ಅವನು ಕೂತೇ ಇದ್ದಾನೆ.
ಇವರಿಗೆ ಹೇಳಿ, ಕೂತೇ ಇದ್ದಾನೆ."

ಹೇಳಿದೆ. ಕೂಡಿಸಲಿಲ್ಲ, ಕಳೆಯಲಿಲ್ಲ.
ರೆಬೆಕ್ಕಾ ಶುರು ಮಾಡಿದ್ದಳು; ಜಡ್ಜು ಅಂಗೈ ಎತ್ತಿದರು.
"ಕೇಳಿದ್ದು ಹೌದೋ ಅಲ್ಲವೋ, ಅಷ್ಟೇ."
ಬೆಳಿಗ್ಗೆ ಹದಿನೈದು ನಿಮಿಷದ ಪರಿಚಯದ ವಕೀಲ
ಅವನತ್ತ ಬಗ್ಗಿ ತಲೆಯಾಡಿಸಿ ತೋರಿಸಿದ.
ಅವನಿಗೆ ಬರುತ್ತಿದ್ದುದು ಅದೊಂದೇ ಸ್ಪ್ಯಾನಿಷ್: ಸೀ.
ಕಡತದಲ್ಲಿರುವುದೂ ಅದೊಂದೇ. ಮೂವತ್ತು ದಿನ.

ಸಾಲು ಎದ್ದಿತು. ಅಂಗಿಗೆ ಸಿಕ್ಕಿಸಿದ ಮೈಕು ತೆಗೆಯಲು
ಮಾರ್ಷಲ್ ಮರೆತ. ನಿಲ್ಲಿಸು ಎಂದು ಯಾರೂ ಅನ್ನಲಿಲ್ಲವಾಗಿ
ಅವನು ನಿಲ್ಲಿಸಿರಲಿಲ್ಲ. ಸರಪಳಿಯ ಸದ್ದಿನ ನಡುವೆ
ನನ್ನ ಕಿವಿಗೆ ಮಾತ್ರ:
"ದನ ನೀರು ಕುಡಿಯುವ ತಗಡಿನ ತೊಟ್ಟಿ.
ಅಲ್ಲಿಂದ ಹೊತ್ತು ಹುಟ್ಟುವ ಕಡೆಗೆ. ಹಸಿರು ತೊಗಟೆಯ ಎರಡು ಮರ,
ಒಂದಕ್ಕೆ ನನ್ನ ಕೆಂಪಂಗಿ ಕಟ್ಟಿದೀನಿ.
ಹೆಸರು ಕೂಗಬೇಡಿ, ಹೆದರ್ತಾನೆ. ಸಿಳ್ಳೆ ಹಾಕಿ, ಎರಡು ಸಲ, ಆಮೇಲೆ..."
ಬಾಗಿಲು. ಕರಕರ.

ಮುಂದಿನ ಐವರಿಗೆ ಸ್ಪ್ಯಾನಿಷ್ ಬರುತ್ತದೆ. ನೀವಿನ್ನು ಹೊರಡಬಹುದು ಅಂದರು.
ದುಡಿದ ಗಂಟೆ ಬರೆಯುವ ಹಳದಿ ಚೀಟಿಯ ಬೆನ್ನಲ್ಲಿ
ತೊಟ್ಟಿ, ಹೊತ್ತು, ಮರ, ಅಂಗಿ;
ಯಾವ ಭಾಷೆಯಲ್ಲಿ ಗೀಚಿದೆನೋ, ಮೂರೂ ಕಲಸಿಹೋಗಿವೆ.
ಇಲ್ಲಿ ಕೇಳಿದ್ದನ್ನು ಹೊರಗೆ ಆಡಕೂಡದೆಂದು
ಪ್ರಮಾಣದಲ್ಲೇ ಇದೆ. ಆಡುತ್ತಿಲ್ಲ.
ಚೀಟಿಯನ್ನು ಕಚೇರಿಗೂ ಕೊಟ್ಟಿಲ್ಲ.

ಡಿಕ್ಕಿಯಲ್ಲಿ ಆರು ಕ್ಯಾನ್ ನೀರು.
ಪಶ್ಚಿಮದ ರಸ್ತೆಗೆ ತಿರುಗುವ ಕೆಂಪು ದೀಪದಡಿ
ತುಟಿ ಮುಂದೆ ಮಾಡಿ ಊದುತ್ತಿದ್ದೇನೆ.
ನನಗೆ ಸಿಳ್ಳೆ ಹಾಕಲು ಬರುವುದಿಲ್ಲ.
ಬರೀ ಗಾಳಿ. ಇನ್ನೊಮ್ಮೆ.