ಸವೆದ ಕೊಡೆ

ಲದ್ಧಾಶೇಟ್ ಕೊಂಡದ್ದು ನೆಲವಲ್ಲ, ನೀರು.
ವಡಾಳೆಯ ಉಪ್ಪುಗದ್ದೆಯಾಚೆ
ಏಡಿಗಳೇ ಹಕ್ಕುದಾರರಾಗಿದ್ದ ಕೆಸರು.
ಭುಲೇಶ್ವರದ ಮಂದಿ ನಕ್ಕರಂತೆ.
ಮಾರಿದವನು ಹಣ ಎಣಿಸುತ್ತಲೇ ನಕ್ಕನಂತೆ.

ಆಮೇಲೆ ಊರಿನ ಕಸ ರೈಲು ಹತ್ತಿ ಬಂತು:
ಪ್ಲೇಗಿನ ಕಾಲದಲ್ಲಿ ಕೆಡವಿದ ಮನೆಗಳ ಹೆಂಚು,
ಕುದುರೆ ಲದ್ದಿ, ಮಿಲ್ಲಿನ ಬೂದಿ,
ಯಾರದೋ ತೊಟ್ಟಿಲ ಕಾಲು.
ನಾಲ್ಕು ಮಳೆಗಾಲ ಎಲ್ಲವನ್ನೂ ನುಂಗಿ ನುಂಗಿ
ಕೆಸರು ಕೊನೆಗೊಮ್ಮೆ
ನಡೆಯುವವರ ಕಾಲು ಬಿಟ್ಟಿತು.

ಟೇಪು ಹಿಡಿಯುವ ಆಸಾಮಿಯಲ್ಲ ಶೇಟ್.
ಕಪ್ಪು ಕೊಡೆಯೇ ಗಜಕೋಲು.
ಮೂರು ಕೊಡೆ, ಮೇಲೊಂದು ಮೂರನೇ ಪಾಲು: ಹತ್ತಡಿ.
ಹತ್ತಡಿಗೊಂದು ಗೋಡೆ, ಗೋಡೆಗೊಂದು ಸಂಸಾರ,
ಸಂಸಾರಕ್ಕೆ ತಿಂಗಳಿಗೆ ಐದು ರೂಪಾಯಿ.
ಹಳಿಯ ಪಕ್ಕ, ನಿಂತುಬಿಟ್ಟ ಗೂಡ್ಸ್ ಗಾಡಿಯಂತೆ
ಒಂದೇ ಸಾಲು, ಅರವತ್ತು ಕೋಣೆ. ಎರಡು ನಲ್ಲಿ.

ತಾನು ಮಾತ್ರ ಸಾಯುವ ತನಕ
ಬಾಡಿಗೆಯ ಮಾಳಿಗೆಯಲ್ಲೇ ಮಲಗಿದ.
"ಸೋರಿದರೆ ಬೈಯಲು ಒಬ್ಬ ಮಾಲೀಕ ಬೇಕಲ್ಲ, ಬೀರಣ್ಣ?"

ಬೀರಣ್ಣ ನನ್ನ ಮುತ್ತಜ್ಜ. ಅಂಕೋಲೆಯಿಂದ ಹಡಗು ಹತ್ತಿ
ಲೆಕ್ಕ ಬರೆಯಲು ಬಂದವನು.
ಕೆಂಪು ಬಟ್ಟೆಯ ವಹಿಯಲ್ಲಿ
ಬಾಡಿಗೆ ಗುಜರಾತಿಯಲ್ಲಿ, ಅನುಮಾನ ಕನ್ನಡದಲ್ಲಿ.
ಜ್ವರದ ವರ್ಷ ಹನ್ನೊಂದು ಕೋಣೆಗಳ ಮುಂದೆ
ಏನೂ ಇಲ್ಲ, ಬರೀ ಗೆರೆ.
ಒಂದು ಪುಟದಂಚಿಗೆ ಇರುವೆಯಂಥ ಅಕ್ಷರ:
"ಕೆಸರಲ್ಲಿ ಊರಿ ಊರಿ ಕೊಡೆಯ ತುದಿ
ಅರ್ಧ ಅಂಗುಲಕ್ಕಿಂತ ಚೂರು ಹೆಚ್ಚೇ ಸವೆದಿದೆ.
ಶೇಟರಿಗೆ ಹೇಳಿದೆ. ನಕ್ಕರು."

ಮೊನ್ನೆ ಬಿಲ್ಡರನ ಹುಡುಗ ಬಂದ, ಕೈಯಲ್ಲಿ ಲೇಸರ್.
ಕೆಂಪು ಚುಕ್ಕಿ ಮನೆಮನೆ ಹೊಕ್ಕಿತು,
ದೇವರ ಪಟ, ಫ್ರಿಜ್ಜು, ಒಣಹಾಕಿದ ಸೀರೆ ದಾಟಿ.
ಒಂಬತ್ತಡಿ ಹತ್ತಂಗುಲ, ಎಂದ.
ಪಕ್ಕದ್ದೂ ಅಷ್ಟೇ. ಅದರಾಚೆಯದೂ.
ನಮ್ಮದಕ್ಕೆ ಬಂದಾಗ ಸರಿಯಾಗಿ ಹತ್ತಡಿ.
"ನಕ್ಷೆಯಲ್ಲಿ ಅರವತ್ತೇ ಇವೆ, ತಾಯಿ.
ಈ ಅರವತ್ತೊಂದು ಎಲ್ಲಿಂದ ಬಂತು?"

ಎರಡಂಗುಲ, ಅರವತ್ತು ಸಲ.
ಹಾಲಿನ ಚೀಟಿಯ ಹಿಂದೆ ಕೂಡಿ ನೋಡಿದೆ.
ಮತ್ತೊಮ್ಮೆ ಕೂಡಿದೆ.
ವಹಿಯಲ್ಲಿ ನಮ್ಮ ಕೋಣೆಗೆ ಬಾಡಿಗೆಯೇ ಬರೆದಿಲ್ಲ.
ಗುಮಾಸ್ತನ ಬಾಯಿಗೆ ಬೀಗವೋ,
ಬರೀ ಕೊಡೆಯ ಪುಣ್ಯವೋ,
ನಕ್ಕವನೂ ಬರೆದವನೂ ಹೇಳದೆ ಹೋದರು.

ರಾತ್ರಿ, ಗೋಡೆಯಾಚೆ ಅರವತ್ತರಲ್ಲಿ
ತಾಂಬೆಯ ಉದ್ದ ಕಾಲಿನ ಮಗ ಮಗ್ಗುಲಾದ.
ಹಿಮ್ಮಡಿ ಗೋಡೆಗೆ ತಾಗಿದ ಸದ್ದು.
ದಿನವೂ ಕೇಳುತ್ತೇನೆ ಅದನ್ನು.
ಇವತ್ತು ಎದ್ದು
ಚಾಪೆಯನ್ನು ಇತ್ತ ಎಳೆದುಕೊಂಡೆ,
ಎರಡೇ ಅಂಗುಲ.