ನಲವತ್ತೊಂದು ಲಾರಿ

ಕುತೈಸಿಯ ಚಳಿಯಲ್ಲಿ, ಕಂಬಳಿಯೊಳಗೆ,
ಅಜ್ಜಿಯ ಬಿರುಕು ಬಿಟ್ಟ ಫೋನಿನಲ್ಲಿ
ಮಾಲ್ಖಾಜ್ ಸೇತುವೆ ಕಟ್ಟುತ್ತಾನೆ.
ಲಾರಿ ಹೊರಡುತ್ತದೆ, ಹಲಗೆ ನರಳುತ್ತದೆ,
ಗುಳುಂ.

ಮತ್ತೆ, ಅನ್ನುತ್ತದೆ ಪರದೆ. ಅಷ್ಟೇ.
ಬೈಯುವುದಿಲ್ಲ, ಅಪ್ಪನನ್ನು ಕರೆಸುವುದಿಲ್ಲ.

ನಾನು ಅವನ ಗಣಿತದ ಟೀಚರು.
ನನ್ನ ಕೆಂಪು ಪೆನ್ನಿಗೆ ಆ ಒಂದು ಪದ
ಇಪ್ಪತ್ತಾರು ವರ್ಷದಲ್ಲಿ ಬರಲಿಲ್ಲ.
ತ್ರಿಕೋನದ ಪಾಠದ ದಿನ
ಕಿಟಕಿಯಾಚೆ ಹಿಮ ನೋಡುತ್ತಿದ್ದವನಿಗೆ
ಸೊನ್ನೆ ಹಾಕಿದ್ದೆ, ದುಂಡಗೆ.

ಮೊನ್ನೆ ರಿಯೋನಿ ನದಿ ದಾಟುವಾಗ ಕಂಡ:
ಕಬ್ಬಿಣದ ಕಂಬಿಗೆ ಹೊಟ್ಟೆ ಆನಿಸಿ
ತಲೆಕೆಳಗಾಗಿ ಇಣುಕುತ್ತಿದ್ದಾನೆ.
ಬೀಳ್ತೀಯೋ! ಅಂಗಿ ಹಿಡಿದೆಳೆದೆ.
"ಬೀಳಲ್ಲ ಟೀಚರ್, ಕೆಳಗೆಲ್ಲ ಮುಮ್ಮೂಲೆ ಕೊಟ್ಟಿದ್ದಾರೆ.
ಚೌಕ ಇಟ್ಟರೆ ಓರೆಯಾಗುತ್ತೆ. ಮುಮ್ಮೂಲೆ ಜಗ್ಗಲ್ಲ.
ನಲವತ್ತೊಂದು ಲಾರಿ ಮುಳುಗಿಸಿದ ಮೇಲೆ ಗೊತ್ತಾಯ್ತು."

ಅಕ್ರೋಟದ ಚೀಲ ಕೆಳಗಿಟ್ಟು
ನಾನೂ ಬಗ್ಗಿದೆ. ಮಂಡಿ ಲಟಕ್ಕೆಂದಿತು.
ನೀರಿನ ಸದ್ದು, ತುಕ್ಕಿನ ವಾಸನೆ,
ಒಂದಕ್ಕೊಂದು ಹೆಗಲು ಕೊಟ್ಟು ನಿಂತ ಮೂಲೆಗಳು.
ದಿನಾ ಇವನ್ನೇ ತುಳಿದು
ತ್ರಿಕೋನ ಕಲಿಸಲು ಹೋಗುತ್ತಿದ್ದೆ.

ರಾತ್ರಿ ನಾನೂ ಆ ಆಟ ಹಾಕಿಕೊಂಡೆ.
ಕನ್ನಡಕ ಏರಿಸಿ, ಅಳೆದು ಸುರಿದು,
ಕೊನೆಗೂ ಲಾರಿ ಬಿಟ್ಟೆ.

ಗುಳುಂ.